ಮೊಣಕಾಲು ಆಪರೇಷನ್ ಆದವರು ಗಲಾಪಗೋಸ್ ಹಡಗು ಹತ್ತಬಹುದೇ? ಹೋಗಿ ಬಂದವರು ಹೇಳಿ

ಕಾರವಾರದ ಅಕ್ಕೋರು:
ಎಲ್ಲರಿಗೂ ನಮಸ್ಕಾರ. ನನಗೆ 68 ವರ್ಷ, ನಮ್ಮ ಮನೆಯವರಿಗೆ 73. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆ ಕೋಡಿಬಾಗದಲ್ಲಿ. ಮಗ ಅಮೆರಿಕದಲ್ಲಿದ್ದಾನೆ. ಬರುವ ಆಗಸ್ಟಿನಲ್ಲಿ ನಮ್ಮನ್ನು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಿಗೆ ಕರೆದುಕೊಂಡು ಹೋಗಬೇಕು ಅಂತ ಅವನಿಗೆ ಬಹಳ ಆಸೆ. 8 ದಿನ, 16 ಜನರ ಚಿಕ್ಕ ಹಡಗು. ಇನ್ನೂ ಪೂರ್ತಿ ಹಣ ಕಟ್ಟಿಲ್ಲ, ಈ ತಿಂಗಳ ಕೊನೆಯೊಳಗೆ ಹೇಳಬೇಕು.

ನಮ್ಮವರು ವಿಜ್ಞಾನದ ಮಾಸ್ತರರು. ಡಾರ್ವಿನ್ 1835ರಲ್ಲಿ ಬೀಗಲ್ ಹಡಗಿನಲ್ಲಿ ಅಲ್ಲಿಗೆ ಹೋದ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದರು, ಬೋರ್ಡಿನ ಮೇಲೆ ಫಿಂಚ್ ಹಕ್ಕಿಗಳ ಕೊಕ್ಕು ಬರೆದು ತೋರಿಸುತ್ತಿದ್ದರು. ಮಗ ಫೋನಿನಲ್ಲಿ ಈ ವಿಷಯ ಹೇಳಿದ ದಿನ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲ.

ಆದರೆ ಅವರ ಎಡ ಮೊಣಕಾಲು 4 ವರ್ಷದ ಹಿಂದೆ ಬದಲಾಯಿಸಿದ್ದು. ಇಬ್ಬರಿಗೂ ಬಿಪಿ ಇದೆ, ಅವರಿಗೆ ಸಕ್ಕರೆಯೂ ಇದೆ. ನನಗೆ ದೇವಿಮನೆ ಘಾಟಿ ಹತ್ತುವಾಗಲೇ ಬಸ್ಸಿನಲ್ಲಿ ವಾಂತಿ ಬರುತ್ತದೆ. ಬುಕ್ ಮಾಡಿಕೊಡುವವರನ್ನು ಕೇಳಿದರೆ ‘ಹಿರಿಯರು ಆರಾಮಾಗಿ ಬರುತ್ತಾರೆ ಮೇಡಂ’ ಅಂತ ಒಂದೇ ಮಾತು. ಅವರು ಕಳಿಸಿದ ಹಾಳೆಯಲ್ಲಿ ‘ವೆಟ್ ಲ್ಯಾಂಡಿಂಗ್’, ‘ಡ್ರೈ ಲ್ಯಾಂಡಿಂಗ್’ ಅಂತ ದಿನಕ್ಕೆ ಎರಡೆರಡು ಸಲ ಬರೆದಿದೆ. ಮಗನನ್ನು ಕೇಳಿದರೆ ‘ಸ್ವಲ್ಪ ನೀರಿಗೆ ಕಾಲಿಡುವುದು ಅಷ್ಟೇ ಅಮ್ಮಾ’ ಅಂದ. ಅಷ್ಟೇನಾ? ಹೋಗಿ ಬಂದವರು ಯಾರಾದರೂ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.

ಸಿರ್ಸಿ ತೋಟದ ಮನೆ:
ಅಕ್ಕೋರೇ, ನಾನು ಮತ್ತು ಮನೆಯಾಕೆ ಹೋಗಿ ಬಂದು ಎರಡು ವರ್ಷ ಆಯಿತು. ಆಗ ನನಗೆ 70, ಅವಳಿಗೆ 66. ಹೋಗಿದ್ದಕ್ಕೆ ಇವತ್ತಿಗೂ ಸಂತೋಷ ಇದೆ. ಆದರೆ ಹೋಗುವ ಮೊದಲು ನಮಗೆ ಯಾರೂ ಹೇಳದ ಒಂದು ವಿಷಯ ಇದೆ, ಅದನ್ನೇ ಮೊದಲು ಬರೆಯುತ್ತೇನೆ.

ಹಡಗು ಯಾವ ದ್ವೀಪದ ದಡಕ್ಕೂ ತಾಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು, ಅದನ್ನು ಅಲ್ಲಿಯವರು ಪಂಗಾ ಅನ್ನುತ್ತಾರೆ. ಈಗ ಲೆಕ್ಕ ಹಾಕಿ. ಹಡಗಿನಿಂದ ಪಂಗಾಕ್ಕೆ, ಪಂಗಾದಿಂದ ದಡಕ್ಕೆ, ವಾಪಸ್ ದಡದಿಂದ ಪಂಗಾಕ್ಕೆ, ಪಂಗಾದಿಂದ ಹಡಗಿಗೆ. ಒಂದು ಸುತ್ತಿಗೆ ನಾಲ್ಕು ಸಲ ಕಾಲು ದಾಟಿಸಬೇಕು. ದಿನಕ್ಕೆ ಎರಡು ಸುತ್ತು, ಅಂದರೆ ಎಂಟು ಸಲ. ಮೊದಲ ದಿನ, ಕೊನೆಯ ದಿನ ಅರ್ಧರ್ಧ ಅಂತ ಬಿಟ್ಟರೂ ನಿಮ್ಮ ಪ್ರವಾಸದಲ್ಲಿ ಐವತ್ತು ಸಲ ಅಲುಗಾಡುವ ಒಂದರಿಂದ ಇನ್ನೊಂದಕ್ಕೆ ಕಾಲಿಡಬೇಕು. ನಡಿಗೆಯಲ್ಲ ಕಷ್ಟ, ನಾವು ದಿನಾ ತೋಟ ತಿರುಗುವವರು. ಆ ಎರಡು ಅಡಿ ಜಾಗವೇ ಕಷ್ಟ.

ವೆಟ್ ಲ್ಯಾಂಡಿಂಗ್ ಅಂದರೆ ಪಂಗಾ ಮರಳಿನ ಹತ್ತಿರ ಬರುತ್ತದೆ, ನೀವು ಅಂಚಿನ ಮೇಲೆ ಕೂತು ಎರಡೂ ಕಾಲು ಹೊರಗೆ ಹಾಕಿ ಮೊಣಕಾಲು ಮಟ್ಟದ ನೀರಿಗೆ ಇಳಿಯುವುದು. ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ಕೆಳಗೆ ಮರಳು, ಬಿದ್ದರೂ ಒದ್ದೆ ಆಗುತ್ತೀರಿ ಅಷ್ಟೇ. ನಮಗೆ ಕಷ್ಟ ಆಗಿದ್ದು ಡ್ರೈ ಲ್ಯಾಂಡಿಂಗ್. ಹೆಸರು ಕೇಳಿದರೆ ಸುಲಭ ಅನಿಸುತ್ತದೆ ಅಲ್ವಾ? ಅಲ್ಲ. ಪಂಗಾ ಏಳುತ್ತಾ ಇಳಿಯುತ್ತಾ ಇರುತ್ತದೆ, ಎದುರಿಗೆ ಲಾವಾ ಬಂಡೆ, ಅದರ ಮೇಲೆ ಪಾಚಿ. ಕೆಲವು ಕಡೆ ಮೆಟ್ಟಿಲು ಕಡಿದಿದ್ದಾರೆ, ಅದರ ಮೇಲೆ ಕಡಲಸಿಂಹ ಮಲಗಿರುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ, ಎಬ್ಬಿಸುವ ಹಾಗಿಲ್ಲ. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅಂತ ಅಲ್ಲಿಯ ರಾಷ್ಟ್ರೀಯ ಉದ್ಯಾನದ ನಿಯಮ. ಅದನ್ನು ಬಳಸಿ ಬದಿಯಿಂದ ಹತ್ತಬೇಕು.

ಎಸ್ಪನೋಲಾ ದ್ವೀಪದ ಪುಂತಾ ಸುವಾರೆಸ್ ಎಂಬಲ್ಲಿ ದಾರಿ ಪೂರ್ತಿ ಗುಂಡುಕಲ್ಲು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಾಲಿಡುತ್ತಾ ಹೋಗಬೇಕು. ಬಾರ್ತೊಲೊಮೆಯಲ್ಲಿ ಗುಡ್ಡದ ತುದಿಗೆ 350ಕ್ಕೂ ಜಾಸ್ತಿ ಮರದ ಮೆಟ್ಟಿಲು. ಅದು ನಮಗೆ ಸುಲಭವೇ ಆಯಿತು, ಕೈ ಹಿಡಿಯಲು ಕಟಕಟೆ ಇದೆ, ನಿಂತು ನಿಂತು ಹತ್ತಬಹುದು. ಸಾಂತಾ ಕ್ರೂಸ್ ದ್ವೀಪದ ಮೇಲ್ಭಾಗದಲ್ಲಿ ದೊಡ್ಡ ಆಮೆಗಳನ್ನು ನೋಡುವ ಜಾಗ ಸಪಾಟು, ಬರೀ ಕೆಸರು. ಗಾರ್ಡನರ್ ಬೇ ಅಂತ ಬಿಳಿ ಮರಳಿನ ಒಂದು ದಂಡೆ ಇದೆ, ಅಲ್ಲಿ ಇಳಿದು ಸುಮ್ನೆ ಕೂತರೆ ಸಾಕು, ಕಡಲಸಿಂಹಗಳ ಮರಿಗಳು ಸುತ್ತ ಆಡುತ್ತಿರುತ್ತವೆ.

ಇನ್ನೊಂದು ಮಾತು. ಇಳಿಯಲು ಆಗದ ಜಾಗದಲ್ಲಿ ಹಡಗಿನಲ್ಲೇ ಉಳಿಯಬಹುದು, ಯಾರೂ ಒತ್ತಾಯ ಮಾಡುವುದಿಲ್ಲ. ಕೆಲವು ಕಡೆ ಪಂಗಾದಲ್ಲೇ ಕೂತು ದಡದುದ್ದಕ್ಕೂ ಸುತ್ತಿಸುತ್ತಾರೆ. ನಾವು ಪೆಂಗ್ವಿನ್ ನೋಡಿದ್ದು ಹಾಗೆ ಕೂತೇ. ಸಮಭಾಜಕದಲ್ಲಿ ಪೆಂಗ್ವಿನ್!

ಅಂಕೋಲಾದ ಮಗಳು:
ನಾನು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಅಮ್ಮನನ್ನು ಇಂಥದ್ದೇ ಒಂದು ದ್ವೀಪ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ, ಗಲಾಪಗೋಸ್ ಅಲ್ಲ. ಅಮ್ಮನಿಗೆ ಆಗ 71. ಎರಡನೇ ದಿನ ಒದ್ದೆ ಬಂಡೆಯ ಮೇಲೆ ಜಾರಿ ಮಣಿಕಟ್ಟು ಮುರಿಯಿತು. ಚಿಕ್ಕ ಹಡಗು, ಡಾಕ್ಟರ್ ಇರಲಿಲ್ಲ. ಎಕ್ಸ್‌ರೇ ಆಗುವಾಗ ಒಂದೂವರೆ ದಿನ ಕಳೆದಿತ್ತು. ಅಷ್ಟೂ ಹೊತ್ತು ಅಮ್ಮ ನನಗೆ ಬೇಸರ ಆಗಬಾರದು ಅಂತ ನೋವಿಲ್ಲ ನೋವಿಲ್ಲ ಅನ್ನುತ್ತಿದ್ದಳು. ಆಮೇಲೆ ಗೊತ್ತಾಗಿದ್ದು, ಹೊರಡುವ ಮೊದಲೇ ಅವಳಿಗೆ ತಲೆ ತಿರುಗುತ್ತಿತ್ತಂತೆ. ನಾನು ಟಿಕೆಟ್ ಮಾಡಿಬಿಟ್ಟಿದ್ದೆ ಅಂತ ಹೇಳಿರಲಿಲ್ಲ.

ಅಕ್ಕೋರೇ, ದಯವಿಟ್ಟು ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿ. ಮಾಸ್ತರರ ಮೊಣಕಾಲು ಸಂಜೆ ಹೊತ್ತಿಗೆ ಊದುತ್ತದಾ? ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರಾ? ಅದು ಮಗನಿಗೆ ಗೊತ್ತಾ? ದೂರದಲ್ಲಿರುವ ನಮಗೆ ವಿಡಿಯೋ ಕಾಲಿನಲ್ಲಿ ಅಪ್ಪ ಅಮ್ಮನ ಮುಖ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ.

ಭಟ್ಕಳದಿಂದ:
ಇಷ್ಟು ಕಷ್ಟಪಟ್ಟು ಅಷ್ಟು ದೂರ ಯಾಕೆ ಹೋಗಬೇಕು? ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೀರಿನ ಕೆಳಗೆ ಹವಳ, ಬಣ್ಣ ಬಣ್ಣದ ಮೀನು. ನಮ್ಮದನ್ನೇ ನೋಡದೆ ಅಮೆರಿಕದ ಆಚೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹೊನ್ನಾವರ ಹಕ್ಕಿಪ್ರೇಮಿ:
ಭಟ್ಕಳದವರೇ, ನೇತ್ರಾಣಿ ನನಗೂ ಪ್ರೀತಿಯ ಜಾಗ. ಆದರೆ ಅಲ್ಲಿರುವುದು ಇಲ್ಲಿಲ್ಲ, ಇಲ್ಲಿರುವುದು ಅಲ್ಲಿಲ್ಲ. ಸಮುದ್ರದಲ್ಲಿ ಈಜಿ ಪಾಚಿ ತಿನ್ನುವ ಇಗುವಾನ ಎಂಬ ದೊಡ್ಡ ಹಲ್ಲಿ ಜಗತ್ತಿನಲ್ಲಿ ಆ ದ್ವೀಪಗಳಲ್ಲಿ ಮಾತ್ರ ಇದೆ. ಹಾರಲು ಬಾರದ ನೀರುಕಾಗೆ ಫರ್ನಾಂದಿನಾ, ಇಸಾಬೆಲಾ ದ್ವೀಪಗಳಲ್ಲಿ ಮಾತ್ರ. ಮಾಸ್ತರರು ಜೀವಮಾನ ಪೂರ್ತಿ ಹೇಳಿದ ಪಾಠ ಅದು. ಅವರಿಗೆ ಅದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ತಪ್ಪಿಲ್ಲ.

ಆದರೆ ಅಕ್ಕೋರೇ, ಆಗಸ್ಟ್ ಬೇಡ. ಯಾಕೆ ಅಂದರೆ ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ತಂಪು ಕಾಲ. ದಕ್ಷಿಣದಿಂದ ಹಂಬೋಲ್ಟ್ ಎಂಬ ಸಮುದ್ರದ ಹರಿವಿನ ತಣ್ಣೀರು ಬರುತ್ತದೆ, ಗಾಳಿ ಜೋರು, ತುಂತುರು ಮಂಜು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸಮುದ್ರ ಜಾಸ್ತಿ ಒರಟು. ಹಡಗು ಹೆಚ್ಚಾಗಿ ರಾತ್ರಿ ಹೊತ್ತು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುತ್ತದೆ, ಘಾಟಿಯಲ್ಲೇ ವಾಂತಿ ಬರುವ ನಿಮಗೆ ರಾತ್ರಿ ಪೂರ್ತಿ ಹೊಯ್ದಾಟ. ಆ ಎರಡು ಅಡಿ ಜಾಗ ಅಂತ ತೋಟದ ಮನೆಯವರು ಬರೆದರಲ್ಲ, ಅಲೆ ದೊಡ್ಡದಾದರೆ ಅದು ಮೂರು ಅಡಿ ಆಗುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಬಿಸಿಲು, ನಡುನಡುವೆ ಮಳೆ, ಸಮುದ್ರ ಸಾಕಷ್ಟು ಶಾಂತ. ಏಪ್ರಿಲ್‌ನಲ್ಲಿ ಹೋದರೆ ಇನ್ನೊಂದು ಲಾಭ ಇದೆ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಗಳು ಎಸ್ಪನೋಲಾಕ್ಕೆ ಮರಳುವ ತಿಂಗಳು ಅದು. ಡಿಸೆಂಬರ್ ದಾಟಿದರೆ ಅವು ಸಮುದ್ರಕ್ಕೆ ಹೋಗಿಬಿಟ್ಟಿರುತ್ತವೆ.

ಬೈತಖೋಲ ದೋಣಿ:
ನಾನು ಅಂಥ ದೂರದ ದೇಶ ನೋಡಿದವನಲ್ಲ. ಆದರೆ ದೋಣಿ ಹತ್ತಿ ಇಳಿಯುವುದು 40 ವರ್ಷದಿಂದ ಮಾಡಿದ್ದೇನೆ, ಸಾವಿರಾರು ಜನರನ್ನು ಹತ್ತಿಸಿ ಇಳಿಸಿದ್ದೇನೆ. ಬೀಳುವವರು ಹೇಗೆ ಬೀಳುತ್ತಾರೆ ಅಂತ ಹೇಳುತ್ತೇನೆ.

ಒಂದನೆಯದು, ಕೈಯಲ್ಲಿ ಸಾಮಾನು. ಚೀಲ, ಕ್ಯಾಮೆರಾ, ಮೊಬೈಲು, ಚಪ್ಪಲಿ. ಎರಡೂ ಕೈ ಖಾಲಿ ಇರಬೇಕು. ಸಾಮಾನು ಮೊದಲು ಕೊಡಿ, ಆಮೇಲೆ ನೀವು. ಊರುಗೋಲನ್ನೂ ಕೊಡಿ.

ಇನ್ನೊಂದು, ಅವಸರ. ಹಿಂದೆ ಜನ ನಿಂತಿದ್ದಾರೆ ಅಂತ ನಾಚಿಕೆಯಿಂದ ಕಾಲು ಎತ್ತಿಬಿಡುತ್ತಾರೆ. ದೋಣಿ ಕೆಳಗೆ ಹೋಗುತ್ತಿರುವಾಗ ಕಾಲಿಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ. ಅಲೆ ದೋಣಿಯನ್ನು ಮೇಲೆ ಎತ್ತುತ್ತದೆ, ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣದಲ್ಲಿ ಕಾಲಿಡಬೇಕು. ದೋಣಿಯವನು ಹೇಳುವವರೆಗೆ ಕಾಯಬೇಕು, ಅವನು ಹೇಳಿದಾಗ ಹಿಂದೆ ಮುಂದೆ ನೋಡಬಾರದು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ಯೋಚನೆ ಮಾಡುವವರೇ ಬೀಳುವುದು.

ಮತ್ತೆ ಕೈ ಹಿಡಿಯುವ ರೀತಿ. ಬೆರಳು ಹಿಡಿದರೆ ಜಾರುತ್ತದೆ. ಅವನ ಮಣಿಕಟ್ಟಿನ ಮೇಲೆ ತೋಳನ್ನು ನೀವು ಹಿಡಿಯಿರಿ, ನಿಮ್ಮ ತೋಳನ್ನು ಅವನು ಹಿಡಿಯುತ್ತಾನೆ. ಒಬ್ಬರ ಹಿಡಿತ ಬಿಟ್ಟರೂ ಇನ್ನೊಬ್ಬರದು ಇರುತ್ತದೆ. ಒಳಗೆ ಬಂದ ಕೂಡಲೇ ಕೂತುಬಿಡಿ. ನಿಂತು ಜಾಗ ಹುಡುಕಬೇಡಿ.

ಲೈಫ್ ಜಾಕೆಟ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯ ದಿನ ದೋಣಿ ಮಗುಚಿದ್ದನ್ನು ಕಾರವಾರದವರು ಯಾರೂ ಮರೆತಿಲ್ಲ. ಬಕಲು ಹಾಕದ ಜಾಕೆಟ್ ಜಾಕೆಟ್ ಅಲ್ಲ.

ಅಕ್ಕೋರೇ, ನಿಮ್ಮ ಮನೆ ಕೋಡಿಬಾಗ. ಎದುರಿಗೆ ಕಾಳಿ, ಆಚೆ ದೇವಬಾಗ. ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಬೇಕಾ? ಇಳಿತದ ಹೊತ್ತಿಗೆ, ಸಮುದ್ರ ಶಾಂತ ಇದ್ದಾಗ, ದೇವಬಾಗದ ಮರಳಿಗೆ ಹತ್ತು ಸಲ ಇಳಿಯಿರಿ, ಹತ್ತು ಸಲ ಹತ್ತಿ. ಮಾಸ್ತರರಿಗೆ ಆಗುತ್ತದೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ. ನಾನು ದೋಣಿ ತರುತ್ತೇನೆ. ಅವರು ನನ್ನ ತಮ್ಮನಿಗೆ ಪಾಠ ಹೇಳಿದವರು.

ಸಿರ್ಸಿ ತೋಟದ ಮನೆ:
ಬೈತಖೋಲದವರು ಹೇಳಿದ ಆ ಹಿಡಿತವನ್ನೇ ನಮಗೆ ಹಡಗಿನಲ್ಲಿ ಮೊದಲ ದಿನ ಕಲಿಸಿದ್ದು! ಇದನ್ನು ಇಲ್ಲೇ ಕಲಿತು ಹೋಗಿದ್ದರೆ ಎಷ್ಟು ಧೈರ್ಯ ಇರುತ್ತಿತ್ತು.

ಕುಮಟಾ ಫಿಜಿಯೋ:
ಮೊಣಕಾಲು ಬದಲಾಯಿಸಿದವರನ್ನೇ ನಾನು ಜಾಸ್ತಿ ನೋಡುವುದು, ಅದಕ್ಕೆ ಬರೆಯುತ್ತಿದ್ದೇನೆ. ಆಪರೇಷನ್ ಆಗಿ 4 ವರ್ಷ ಆಗಿದೆ, ನೋವಿಲ್ಲದೆ ಚೆನ್ನಾಗಿ ನಡೆಯುತ್ತಾರೆ ಅಂದರೆ ಅದೊಂದೇ ಕಾರಣಕ್ಕೆ ಪ್ರವಾಸ ಬಿಡಬೇಕಾಗಿಲ್ಲ. ಆದರೆ ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ, ದೋಣಿ ಹತ್ತಿ ಇಳಿಯುವುದಿದೆ ಅಂತ ಬಿಡಿಸಿ ಹೇಳಿ.

ಮನೆಯಲ್ಲೇ ನೋಡಿಕೊಳ್ಳಲು ಕೆಲವು ದಾರಿ ಇದೆ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದಾ? ಅಡುಗೆ ಕಟ್ಟೆಯ ಪಕ್ಕ ನಿಂತು, ಬೇಕಾದರೆ ಹಿಡಿಯಲು ಆಗುವ ಹಾಗೆ, ಒಂದೇ ಕಾಲಿನ ಮೇಲೆ 10 ಸೆಕೆಂಡ್ ನಿಲ್ಲಲು ಆಗುತ್ತದಾ? ಮೆಟ್ಟಿಲು ಇಳಿಯುವಾಗ ಎಡಗಾಲು ಮೊದಲೋ ಬಲಗಾಲು ಮೊದಲೋ? ಹತ್ತುವುದಕ್ಕಿಂತ ಇಳಿಯುವುದರಲ್ಲೇ ತೊಡೆಯ ಬಲ ಗೊತ್ತಾಗುವುದು. ಆಗುವುದಿಲ್ಲ ಅಂದರೆ ಗಾಬರಿ ಬೇಡ, ಮೂರು ನಾಲ್ಕು ತಿಂಗಳು ದಿನಾ ಮಾಡಿದರೆ 73ರಲ್ಲೂ ಸ್ನಾಯು ಬಲ ಆಗುತ್ತದೆ, ನಾನು ಕಣ್ಣಾರೆ ನೋಡುತ್ತಿದ್ದೇನೆ. ಕುರ್ಚಿಯಿಂದ ಏಳುವುದು, ಕೂರುವುದು, ನಿಧಾನಕ್ಕೆ, ಹತ್ತು ಹತ್ತು ಸಲ. ಒಂದು ಗೇಣು ಎತ್ತರದ ಮೆಟ್ಟಿಲಿಗೆ ಪಕ್ಕದಿಂದ ಹತ್ತುವುದು, ಇಳಿಯುವುದು. ದೋಣಿಗೆ ನಾವು ಎದುರಿನಿಂದ ಹತ್ತುವುದಕ್ಕಿಂತ ಜಾಸ್ತಿ ಪಕ್ಕದಿಂದಲೇ ಹತ್ತುವುದು, ಆ ಸ್ನಾಯುಗಳನ್ನು ಯಾರೂ ಬಳಸುವುದೇ ಇಲ್ಲ.

ಆಮೇಲೆ ಸಪಾಟು ರಸ್ತೆಯ ವಾಕಿಂಗ್ ಸಾಲದು. ಟಾಗೋರ್ ಬೀಚಿನ ಒಣ ಮರಳಿನಲ್ಲಿ ನಡೆಯಿರಿ. ಬಲ ಬಂದ ಮೇಲೆ ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಹೋಗುವ ಕಲ್ಲು ದಾರಿ. ಸಿರ್ಸಿ ಕಡೆ ಹೋದರೆ ಯಾಣ. ಒಟ್ಟಿನಲ್ಲಿ ಕಾಲಿಗೆ ಏರುಪೇರು ನೆಲ ಪರಿಚಯ ಆಗಬೇಕು. ಊರುಗೋಲಿಗೆ ರಬ್ಬರ್ ತುದಿ ಇರಲಿ, ಕಬ್ಬಿಣದ ಚೂಪು ತುದಿಯಿಂದ ಅಲ್ಲಿಯ ದಾರಿ ಹಾಳಾಗುತ್ತದೆ. ನೀರಿಗೆ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಕಲ್ಲಿಗೆ ಹಿಡಿತ ಇರುವ ಶೂ. ಎರಡನ್ನೂ ಇಲ್ಲೇ ಹಾಕಿ ಹಳತು ಮಾಡಿಕೊಂಡು ಹೋಗಿ. ಸಕ್ಕರೆ ಇರುವವರಿಗೆ ಹೊಸ ಶೂ ಕಚ್ಚಿ ಗಾಯ ಆದರೆ ಎಲ್ಲ ದಿನವೂ ಹಡಗಿನಲ್ಲೇ ಕೂರಬೇಕಾಗುತ್ತದೆ. ದಿನಾ ರಾತ್ರಿ ಪಾದ ನೋಡಿಕೊಳ್ಳಿ.

ಯಲ್ಲಾಪುರ ಔಷಧ ಅಂಗಡಿ:
ವಾಂತಿ ಮಾತ್ರೆಯ ಬಗ್ಗೆ. ಘಾಟಿ ಬಸ್ಸಿಗೆ ಅಂತ ನಮ್ಮಲ್ಲಿ ಜನ ಕೇಳಿ ಒಯ್ಯುವ ಪ್ರೊಮೆಥಜಿನ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ನಿದ್ದೆ ತರುತ್ತದೆ, ಬಾಯಿ ಒಣಗಿಸುತ್ತದೆ. ವಯಸ್ಸಾದವರಿಗೆ ಮಂಪರು, ಗಲಿಬಿಲಿ ಆಗಬಹುದು. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಥರದ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ಅಪಾಯ. ಇದನ್ನು ನುಂಗಿ ಮಂಪರಿನಲ್ಲಿ ಬೆಳಿಗ್ಗೆ ಪಂಗಾ ಹತ್ತಿದರೆ ಏನಾಗುತ್ತದೆ ಅಂತ ಯೋಚಿಸಿ. ಯಾವ ಮಾತ್ರೆ, ಎಷ್ಟು ಅಂತ ನಿಮ್ಮ ಡಾಕ್ಟರ್ ಹೇಳಲಿ. ಹೇಳಿದ ಮೇಲೆ ಮನೆಯಲ್ಲಿ ಒಂದು ದಿನ ತೆಗೆದುಕೊಂಡು ನೋಡಿ. ವಾಂತಿ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಕ್ಯಾಬಿನ್ ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ ಕೇಳಿ, ಅಲ್ಲಿ ಹೊಯ್ದಾಟ ಕಡಿಮೆ.

ದಿನದ ಔಷಧಿಯನ್ನು ಕೈಚೀಲದಲ್ಲೇ ಇಡಿ, ಲಗೇಜಿಗೆ ಹಾಕಬೇಡಿ. ಒಂದು ವಾರಕ್ಕೆ ಹೆಚ್ಚುವರಿ ಇರಲಿ. ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿಕೊಳ್ಳಿ, ನಮ್ಮ ಕಂಪನಿ ಹೆಸರು ಅಲ್ಲಿಯವರಿಗೆ ಗೊತ್ತಾಗುವುದಿಲ್ಲ. ಗಲಾಪಗೋಸ್ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಸಕ್ಕರೆ ಮಾತ್ರೆ, ಇನ್ಸುಲಿನ್ ಹೊತ್ತು ಹೇಗೆ ಬದಲಾಯಿಸಬೇಕು ಅಂತ ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬಿಪಿಗೆ ನೀರು ಹೊರಹಾಕುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ಬಿಸಿಲು ಮತ್ತು ವಾಂತಿ ಸೇರಿದರೆ ಮೈಯಲ್ಲಿ ನೀರು ಬೇಗ ಕಡಿಮೆ ಆಗುತ್ತದೆ.

ಹಳದಿ ಜ್ವರದ ಲಸಿಕೆ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಕ್ವಡಾರ್ ದೇಶ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಂಥ ದೇಶ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬಂದು ಇಳಿದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ, 2016ರಿಂದ ಅದು ಜೀವಮಾನಕ್ಕೆ ಸಾಕು. ತೊಂದರೆ ಏನೆಂದರೆ 60 ದಾಟಿದವರು ಮೊದಲ ಸಲ ಈ ಲಸಿಕೆ ತೆಗೆದುಕೊಂಡರೆ ಗಂಭೀರ ಪರಿಣಾಮದ ಅಪಾಯ, ತೀರಾ ಅಪರೂಪವಾದರೂ, ಚಿಕ್ಕವರಿಗಿಂತ ಜಾಸ್ತಿ. ಅದಕ್ಕೇ ಇದು ಡಾಕ್ಟರು ಯೋಚಿಸಿ ಹೇಳಬೇಕಾದ ಮಾತು. ಆದರೆ ಅಕ್ಕೋರೇ, ನೀವು ದ್ವೀಪಗಳಿಂದ ಸೀದಾ ಊರಿಗೆ ಬರುತ್ತೀರೋ, ಮಗನ ಮನೆಯಲ್ಲಿ ಕೆಲವು ವಾರ ಇರುತ್ತೀರೋ? ಅಲ್ಲಿ ಇದ್ದು ಬರುವುದಾದರೆ ಆ 6 ದಿನದ ಲೆಕ್ಕವೇ ದಾಟಿಹೋಗುತ್ತದೆ. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್ ಜೋಪಾನ ಮಾಡಿ. ಹೊರಡುವ ಮೊದಲು ನಿಯಮ ಬದಲಾಗಿದೆಯಾ ಅಂತ ನೋಡಿ.

ಕಾರವಾರದ ಅಕ್ಕೋರು:
ಎಷ್ಟು ಕಾಳಜಿಯಿಂದ ಬರೆದಿದ್ದೀರಿ. ಎಲ್ಲವನ್ನೂ ಓದಿ ನಮ್ಮವರಿಗೂ ಓದಿ ಹೇಳಿದೆ. ಅಂಕೋಲಾದ ತಂಗಿ, ನಿನ್ನ ಮಾತು ನನಗೆ ನಾಟಿತು. ಅವರ ಮೊಣಕಾಲು ಸಂಜೆ ಊದುವುದು ನಿಜ. ಮಗನಿಗೆ ಹೇಳಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಗನಿಗೆ ಗೊತ್ತಾದರೆ ಎಲ್ಲ ರದ್ದು ಮಾಡಿಬಿಡುತ್ತಾನೆ ಅಂತ ಅವರಿಗೆ ಭಯ. ಏನು ಮಾಡಲಿ?

ಅಂಕೋಲಾದ ಮಗಳು:
ಅಕ್ಕೋರೇ, ರದ್ದು ಮಾಡುವುದಿಲ್ಲ. ಹಡಗು ಬದಲಾಯಿಸುತ್ತಾನೆ, ತಿಂಗಳು ಬದಲಾಯಿಸುತ್ತಾನೆ. ನನಗೆ ಮೊದಲೇ ಗೊತ್ತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸಿರ್ಸಿ ತೋಟದ ಮನೆ:
ಅದೇ ಸರಿ. ಅಲ್ಲಿ ಹಡಗುಗಳು 16 ಜನರದ್ದರಿಂದ ಹಿಡಿದು 100 ಜನರವರೆಗೆ ಇವೆ, ಅದಕ್ಕಿಂತ ದೊಡ್ಡದಕ್ಕೆ ಅನುಮತಿ ಇಲ್ಲ. ದೊಡ್ಡದರಲ್ಲಿ ಹೊಯ್ದಾಟ ಕಡಿಮೆ, ಸಾಮಾನ್ಯವಾಗಿ ಡಾಕ್ಟರ್ ಇರುತ್ತಾರೆ, ಪಂಗಾ ಹತ್ತುವ ಜಾಗ ಅಗಲ. ಎಷ್ಟೇ ದೊಡ್ಡ ಹಡಗಾದರೂ ದಡದಲ್ಲಿ 16 ಜನಕ್ಕೆ ಒಬ್ಬ ಗೈಡ್ ಇರಲೇಬೇಕು, ಹಾಗಾಗಿ ನೋಡುವುದರಲ್ಲಿ ಏನೂ ಕಡಿಮೆ ಆಗುವುದಿಲ್ಲ. ಹಣ ಕಟ್ಟುವ ಮೊದಲು ಈ ನಾಲ್ಕು ಮಾತು ಬರಹದಲ್ಲಿ ಕೇಳಿ: ಡಾಕ್ಟರ್ ಇದ್ದಾರಾ, ಯಾವ ದಿನ ಯಾವ ಥರದ ಲ್ಯಾಂಡಿಂಗ್, ಇಳಿಯದವರಿಗೆ ಪಂಗಾ ಸುತ್ತು ಇದೆಯಾ, ನಿಧಾನ ನಡೆಯುವವರಿಗೆ ಬೇರೆ ಗುಂಪು ಮಾಡುತ್ತಾರಾ. ‘ಆರಾಮಾಗಿ ಬರುತ್ತಾರೆ’ ಅಂದವರನ್ನು ಬಿಡಬೇಡಿ.

ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗೂ ರಕ್ಷಣೆ ಇರಲಿ, ದ್ವೀಪದಿಂದ ದೊಡ್ಡ ಊರಿಗೆ ರೋಗಿಯನ್ನು ಸಾಗಿಸುವ ಖರ್ಚೂ ಸೇರಿರಲಿ. ದ್ವೀಪಗಳಲ್ಲಿ ಚಿಕ್ಕ ಆಸ್ಪತ್ರೆ ಇದೆ, ದೊಡ್ಡ ತೊಂದರೆಗೆ ಸುಮಾರು 1000 ಕಿಲೋಮೀಟರ್ ದೂರದ ಎಕ್ವಡಾರ್ ನೆಲಕ್ಕೇ ಬರಬೇಕು. ಇನ್ನೊಂದು, ವಿಮಾನದಲ್ಲಿ ಹೋಗುವಾಗ ಎಕ್ವಡಾರಿನ ಕೀಟೊ ಊರಿನ ಮೂಲಕ ಹೋಗಬೇಡಿ, ಗ್ವಯಾಕಿಲ್ ಊರಿನ ಮೂಲಕ ಹೋಗಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1930 ಮೀಟರ್, ಕೀಟೊ ಊರೇ 2850 ಮೀಟರಿನಲ್ಲಿದೆ. ನನ್ನಾಕೆಗೆ ಅಲ್ಲಿ ಎರಡು ರಾತ್ರಿ ತಲೆನೋವು, ಉಸಿರು ಸಾಲದು. ಗ್ವಯಾಕಿಲ್ ಸಮುದ್ರ ಮಟ್ಟದಲ್ಲಿದೆ, ಕಾರವಾರದ ಹಾಗೇ ಸೆಕೆ.

ವೀಸಾ ವಿಷಯ ಎಕ್ವಡಾರ್ ದೂತಾವಾಸದಲ್ಲೇ ಕೇಳಿ, 2019ರಲ್ಲಿ ಭಾರತೀಯರಿಗೆ ನಿಯಮ ಬದಲಾಯಿತು. ಉದ್ಯಾನದ ಪ್ರವೇಶಕ್ಕೆ ಹೊರದೇಶದ ದೊಡ್ಡವರಿಗೆ 2024ರ ಆಗಸ್ಟ್ 1ರಿಂದ 200 ಡಾಲರ್ ಮಾಡಿದ್ದಾರೆ, ಮೊದಲು 100 ಇತ್ತು. ನಗದು ಇಟ್ಟುಕೊಳ್ಳಿ. ಎಕ್ವಡಾರಿನಲ್ಲಿ ಓಡುವುದೇ ಅಮೆರಿಕದ ಡಾಲರ್.

ಊಟಕ್ಕೆ ನಾವು ಸಸ್ಯಾಹಾರಿಗಳು, ಮೊದಲೇ ಬರೆದು ತಿಳಿಸಿದ್ದೆವು. ಅನ್ನ, ಹುರುಳಿಕಾಯಿ, ಬಾಳೆಕಾಯಿ, ಹಣ್ಣು ಧಾರಾಳ ಸಿಕ್ಕಿತು. ಅಲ್ಲಿಯ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ, ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ಆದರೆ ಇಲ್ಲಿಂದ ಹಣ್ಣು, ಬೀಜ, ಹಸಿ ಶುಂಠಿ ಏನನ್ನೂ ಒಯ್ಯಬೇಡಿ. ಅಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ಹೊರಗಿನ ಒಂದು ಬೀಜ ಮೊಳೆತರೂ ಆ ದ್ವೀಪಕ್ಕೆ ತೊಂದರೆ. ನನ್ನ ಶೂ ತಳದಲ್ಲಿ ಅಡಿಕೆ ತೋಟದ ಮಣ್ಣು ಕಚ್ಚಿಕೊಂಡಿತ್ತು, ಹೊರಡುವ ಹಿಂದಿನ ದಿನ ಹಳೇ ಬ್ರಷ್ ಹಿಡಿದು ಒಂದು ಗಂಟೆ ತಿಕ್ಕಿದ್ದೆ. ನೀವೂ ತಿಕ್ಕಿ.

ಹೊನ್ನಾವರ ಹಕ್ಕಿಪ್ರೇಮಿ:
ಮಾಸ್ತರರಿಗೆ ಒಂದು ವಿಷಯ ಹೇಳಿ. ಎಸ್ಪನೋಲಾದ ಆಮೆಗಳು ಒಂದು ಕಾಲಕ್ಕೆ 12 ಹೆಣ್ಣು, 3 ಗಂಡು ಮಾತ್ರ ಉಳಿದಿದ್ದವು. ಆ ಮೂರು ಗಂಡಿನಲ್ಲಿ ಒಂದು ಡಿಯೇಗೊ, ಅಮೆರಿಕದ ಸ್ಯಾನ್ ಡಿಯೇಗೊ ಮೃಗಾಲಯದಿಂದ ವಾಪಸ್ ತಂದಿದ್ದು. ಸಾಂತಾ ಕ್ರೂಸ್‌ನಲ್ಲಿ ಸಾಕಿ ಮರಿ ಮಾಡಿಸಿ ಸಾವಿರಾರು ಮರಿಗಳನ್ನು ದ್ವೀಪಕ್ಕೆ ಬಿಟ್ಟರು. 2020ರ ಜೂನ್‌ನಲ್ಲಿ ಆ ಹದಿನೈದೂ ಮುದಿ ಆಮೆಗಳನ್ನು ಅವು ಹುಟ್ಟಿದ ದ್ವೀಪಕ್ಕೇ ಕರೆದುಕೊಂಡು ಹೋಗಿ ಬಿಟ್ಟರು. ಆಗ ಡಿಯೇಗೊಗೆ ಸುಮಾರು ನೂರು ವರ್ಷ.

ಕಾರವಾರದ ಅಕ್ಕೋರು:
ಮೂರು ವಾರ ಆಯಿತು, ಏನಾಯಿತು ಅಂತ ಬರೆಯುವುದು ನನ್ನ ಕರ್ತವ್ಯ.

ಮಗನಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ಅಪ್ಪನಿಗೆ ಫೋನ್ ಕೊಡು’ ಅಂದ. ಇಬ್ಬರೂ ಒಂದು ಗಂಟೆ ಮಾತಾಡಿದರು. ನಾನು ಅಡುಗೆಮನೆಯಲ್ಲೇ ಇದ್ದೆ. ಈಗ ಆಗಸ್ಟ್ ಬಿಟ್ಟು ಅದರ ಮುಂದಿನ ಏಪ್ರಿಲ್‌ಗೆ ಮಾಡಿದ್ದೇವೆ. ಹಡಗು ದೊಡ್ಡದು, ಡಾಕ್ಟರ್ ಇದ್ದಾರೆ ಅಂತ ಬರಹದಲ್ಲಿ ಬಂದಿದೆ. ದ್ವೀಪದಿಂದ ಮಗನ ಮನೆಗೆ ಹೋಗಿ ಒಂದು ತಿಂಗಳು ಇದ್ದು ಊರಿಗೆ ಬರುತ್ತೇವೆ.

ಕಳೆದ ಭಾನುವಾರ ಬೈತಖೋಲದವರು ದೋಣಿ ತಂದರು. ಕಾಳಿ ದಾಟಿ ದೇವಬಾಗಕ್ಕೆ ಹೋದೆವು. ಮೊದಲ ಸಲ ನಮ್ಮವರು ಅಂಚಿನಲ್ಲಿ ಕೂತು ಕಾಲು ಹೊರಗೆ ಹಾಕಿದರು, ಎಡಗಾಲು ಮಡಚಲಿಲ್ಲ, ಅಲ್ಲೇ ಸಿಕ್ಕಿಕೊಂಡಿತು. ಮುಖ ಕೆಂಪಾಯಿತು. ಸಾಕು ಹೋಗೋಣ ಅಂದರು. ದೋಣಿಯವರು ‘ಮಾಸ್ತರೇ, ಗಾಳಿಮರದ ಕೆಳಗೆ ಹತ್ತು ನಿಮಿಷ ಕೂರಿ, ಮತ್ತೆ ನೋಡೋಣ’ ಅಂದರು. ಎರಡನೇ ಸಲ ಬಲಗಾಲು ಮೊದಲು ಹಾಕಿಸಿದರು, ಎಡಗಾಲನ್ನು ನೇರ ಇಟ್ಟುಕೊಂಡೇ ಜಾರಿಸಿದರು. ಆಯಿತು. ಆ ದಿನ ಆರು ಸಲ ಮಾಡಿದರು. ಹತ್ತುವುದು ಇನ್ನೂ ಕಷ್ಟ, ಇಬ್ಬರು ಹಿಡಿಯಬೇಕು. ನನಗೆ ಇಳಿಯುವುದು ಸುಲಭವಾಯಿತು. ಆದರೆ ಕಾಳಿ ಅಳಿವೆಯ ಅಲೆಗೇ ಹೊಟ್ಟೆ ತೊಳಸಿತು, ಡಾಕ್ಟರ್ ಕೊಟ್ಟ ಮಾತ್ರೆಯನ್ನು ಮುಂದಿನ ಸಲ ಮೊದಲೇ ತೆಗೆದುಕೊಂಡು ನೋಡುತ್ತೇನೆ.

ಪುಂತಾ ಸುವಾರೆಸ್‌ನ ಗುಂಡುಕಲ್ಲು ದಾರಿಗೆ ತಾನು ಇಳಿಯುವುದಿಲ್ಲ ಅಂತ ಅವರೇ ಹೇಳಿದರು. ಪಂಗಾದಲ್ಲಿ ಕೂತು ನೋಡುತ್ತಾರಂತೆ, ಆಲ್ಬಟ್ರಾಸ್ ಫೋಟೋ ಮೊಮ್ಮಗಳು ತೆಗೆದುಕೊಂಡು ಬರಬೇಕಂತೆ. ಇಗುವಾನ ಇರುವ ಫರ್ನಾಂದಿನಾದಲ್ಲಿ ಮಾತ್ರ ಇಳಿದೇ ಇಳಿಯುತ್ತೇನೆ ಅಂತಾರೆ. ಅದಕ್ಕೇ ದಿನಾ ಬೆಳಿಗ್ಗೆ ಕುರ್ಚಿಯಿಂದ ಏಳುವುದು, ಕೂರುವುದು, ಹತ್ತಕ್ಕೆ ಬದಲು ಹದಿನೈದು ಸಲ. ಎಣಿಸುವ ಕೆಲಸ ನನ್ನದು.

ಕುಮಟಾ ಫಿಜಿಯೋ:
ಹದಿನೈದು ಬೇಡ, ಈಗ ಹತ್ತೇ ಇರಲಿ. ಊತ ಪೂರ್ತಿ ಇಳಿದ ಮೇಲೆ ಜಾಸ್ತಿ ಮಾಡಿ. ಮತ್ತೆ ಆ ಊತವನ್ನು ಆಪರೇಷನ್ ಮಾಡಿದ ಡಾಕ್ಟರಿಗೆ ಈ ವಾರವೇ ತೋರಿಸಿ, ಏಪ್ರಿಲ್‌ವರೆಗೆ ಕಾಯಬೇಡಿ.

ಬೈತಖೋಲ ದೋಣಿ:
ಅಕ್ಕೋರೇ, ಡಾಕ್ಟರು ಹೂಂ ಅಂದರೆ ಬರುವ ಭಾನುವಾರ ಬೆಳಿಗ್ಗೆ ಇಳಿತ ಏಳು ಗಂಟೆ ಹೊತ್ತಿಗೆ. ಆರೂವರೆಗೆ ದಂಡೆಗೆ ಬನ್ನಿ. ಮಾಸ್ತರರಿಗೆ ಹತ್ತಲು ಅಂತ ಒಂದು ಮರದ ಪೀಠ ಮಾಡಿದ್ದೇನೆ. ಮೊದಲು ಪೀಠ ಇಟ್ಟು ಹತ್ತಲಿ, ಅಭ್ಯಾಸ ಆದ ಮೇಲೆ ತೆಗೆಯೋಣ. ಸಿರ್ಸಿಯವರು ಬರುವುದಾದರೆ ಅವರಿಗೂ ಜಾಗ ಇದೆ.